ಚೀಲ ಕಾಯುವವರು

ಚೆಂಬೂರಿನ ಆ ಮನೆಯಲ್ಲಿ ವಾರವಿಡೀ ಒಂದೇ ಚರ್ಚೆ. ಇಮ್ಯಾಜಿಕಾಕ್ಕೆ ಹೋದರೆ ಉಳಿಯುವುದೆಲ್ಲಿ? ಪಾರ್ಕಿಗೆ ಅಂಟಿಕೊಂಡೇ ಇರುವ ಹೋಟೆಲಿನಲ್ಲೋ, ಲೋಣಾವಳದ ಅಗ್ಗದ ಕೋಣೆಯಲ್ಲೋ?

ಗಂಡ ಲೆಕ್ಕ ಹಾಕಿದ. ಲೋಣಾವಳದಲ್ಲಿ ಉಳಿಸಿದ ದುಡ್ಡಿನಲ್ಲಿ ಎಲ್ಲರಿಗೂ ಎರಡನೆಯ ದಿನದ ಟಿಕೆಟ್ಟೇ ಬಂದೀತು. ಹೆಂಡತಿ ನಕಾಶೆ ನೋಡಿದಳು. 2013ರಲ್ಲಿ ತೆರೆದ ಈ ಪಾರ್ಕು ಖೊಪೋಲಿಯ ಬಳಿ, ಘಾಟಿನ ಕೆಳಗಿದೆ. ಲೋಣಾವಳ ಘಾಟಿನ ಮೇಲೆ. ಶನಿವಾರ ಬಂತೆಂದರೆ ಮುಂಬೈಯ ಕಾರುಗಳೆಲ್ಲ ಆ ಘಾಟಿನಲ್ಲೇ ಸಾಲುಗಟ್ಟುತ್ತವೆ. ಬೆಳಿಗ್ಗೆ ಇಳಿದವರು ರಾತ್ರಿಯ ತನಕ ಮತ್ತೆ ಹತ್ತುವ ಮಾತಿಲ್ಲ.

ಇಬ್ಬರ ಲೆಕ್ಕದಲ್ಲೂ ಧಾರವಾಡದಿಂದ ಬಂದಿದ್ದ ಅಜ್ಜಿ ಇರಲಿಲ್ಲ.

"ನಾ ಒಂದ್ ಕಡೆ ಕೂತಿರ್ತೀನಿ, ಚೀಲ ಕಾಯ್ತೀನಿ. ನೀವು ಆಡ್ರಿ," ಎಂದರು ಅವರು. ಗೋವೆಯ ಕಡಲತೀರದಲ್ಲೂ ಮದುವೆಮನೆಗಳಲ್ಲೂ ಅವರು ಹೇಳುತ್ತ ಬಂದದ್ದು ಇದನ್ನೇ. ಮೊಣಕಾಲು ನೋಯುವ ಎಪ್ಪತ್ತೆರಡರ ಜೀವ ಇಡೀ ದಿನ ಬೆಂಚಿನ ಮೇಲೆ ಕೂರುವುದನ್ನು ನೆನೆದು ಮಗ ಲೆಕ್ಕದ ಹಾಳೆ ಮಡಿಸಿಟ್ಟ. ಎರಡು ದಿನದ ಆಟ ಒಂದು ದಿನಕ್ಕಿಳಿಯಿತು, ಪಾರ್ಕಿನ ಹೋಟೆಲು ಗಟ್ಟಿಯಾಯಿತು.

ಆ ದಿನ ಮೂವರು ಬೆಳಿಗ್ಗೆಯೇ ಒಳಗೆ ಹೋದರು. ನೈಟ್ರೋ ಹತ್ತಲು ಎತ್ತರ ಸಾಲದೆ ಮೊಮ್ಮಗ ಮುಖ ಊದಿಸಿಕೊಂಡ. ಅಜ್ಜಿ ಕೋಣೆಯಲ್ಲಿ ಉಂಡು, ಕಾಲು ಚಾಚಿ ನಿದ್ದೆ ತೆಗೆದು, ಬಿಸಿಲು ಇಳಿದ ಮೇಲೆ ನಿಧಾನಕ್ಕೆ ನಡೆದು ಬಂದರು. ಯಾರೂ ಕರೆತರಬೇಕಾಗಲಿಲ್ಲ, ಕಾರೂ ಬೇಕಾಗಲಿಲ್ಲ.

ಸಂಜೆಯ ಮೆರವಣಿಗೆ ಬಂದಾಗ ಅವರು ಮೊಮ್ಮಗನ ಎರಡೂ ಕೈ ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದರು. ಚೀಲಗಳೆಲ್ಲ ಕೋಣೆಯಲ್ಲಿದ್ದವು.