ಟಿಪ್ಪಣಿ ಓದದ ತಪ್ಪಿಗೆ

ನಾಗಪುರದ ಮೇ ತಿಂಗಳನ್ನು ಉಂಡವರಿಗೆ ಅದರ ವರ್ಣನೆ ಬೇಕಿಲ್ಲ. ಕೂಲರಿಗೆ ನೀರು ತುಂಬಿಸುವುದೇ ಮನೆಮಂದಿಗೆಲ್ಲ ಒಂದು ಉದ್ಯೋಗ. 2016ರ ಅಂಥದೊಂದು ಮೇ ತಿಂಗಳ ಕೊನೆಯಲ್ಲಿ ನಾವು ಕಚೇರಿಯ ಸರ್ವರ್ ಕೋಣೆಯ ತಂಪಿನಲ್ಲಿ ಕುಳಿತೂ ಬೆವರುತ್ತಿದ್ದೆವು. ಮರುದಿನ ಸಂಘಮಿತ್ರಾ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಆಗಿತ್ತು. ಊರಿನಲ್ಲಿ ತಾಯಿಯವರ ಕಣ್ಣಿನ ಪೊರೆ ತೆಗೆಯುವುದಿತ್ತು. “ನೀನು ಬಂದ ಮೇಲೇ” ಎಂದು ಅವರು ಎರಡು ಸಲ ದಿನ ಮುಂದೂಡಿಸಿದ್ದರು.

ಕಚೇರಿಯ ಗಣಕಗಳನ್ನು ನೋಡಿಕೊಳ್ಳುವುದು ನಮ್ಮ ಕಸುಬು. ವಿಂಡೋಸಿಗೆ ತಿಂಗಳು ತಿಂಗಳು ಬರುವ ತೇಪೆಗಳನ್ನು ಪ್ರತಿ ಗಣಕವೂ ಹೊರಗಿನಿಂದ ತರುವ ಬದಲು, ಒಂದು ಸರ್ವರ್ ತಂದಿಟ್ಟುಕೊಂಡು ಎಲ್ಲಕ್ಕೂ ಹಂಚುತ್ತದೆ, ರೇಷನ್ ಅಂಗಡಿಯಂತೆ. ಅದರ ಹೆಸರು ಡಬ್ಲ್ಯುಸಸ್. ಆ ದಿನ ಅಂಗಡಿಗೇ ಒಂದು ತೇಪೆ ಹಾಕಿದೆವು: ಕೆ.ಬಿ. 3159706. ವಿಂಡೋಸ್ 10ರ ಗೂಢಲಿಪಿಯ ದೊಡ್ಡ ಕಡತಗಳನ್ನು ಬಿಡಿಸಿ ಹಂಚಲು ಅದು ಬೇಕಾಗಿತ್ತು. ಹಾಕಿ ನೋಡಿದರೆ ಅಂಗಡಿಯ ಬಾಗಿಲೇ ತೆರೆಯದು! ಸಂಪರ್ಕ ಸಾಧ್ಯವಿಲ್ಲ ಎಂಬ ಒಂದೇ ಮಾತು.

ಪಿಂಗ್ ಮಾಡಿದೆವು, ಸರ್ವರ್ ಓಗೊಟ್ಟಿತು. 8530ನೇ ಪೋರ್ಟ್, ಫೈರ್‌ವಾಲ್ ಎಲ್ಲ ತಡಕಿದೆವು. ಮೂರು ಸಲ ಆರಿಸಿ ಹಚ್ಚಿದೆವು. ಕಾವಲುಗಾರ ಎರಡು ಬಾರಿ ಇಣುಕಿ, “ಸಾಹೇಬ್, ಜೇವಣ ಝಾಲಂ ಕಾ?” ಎಂದು ಕೇಳಿ ಹೋದ. ಊಟ ಯಾರಿಗೆ ಬೇಕಿತ್ತು! ರಾತ್ರಿ ಒಂಬತ್ತಕ್ಕೆ, ಎಲ್ಲವನ್ನೂ ಕಿತ್ತು ಹೊಸದಾಗಿ ಕೂಡಿಸಿಬಿಡೋಣವೆಂಬ ಹಟ ಬಂತು. ಹಾಗೆ ಮಾಡಿದ್ದರೆ ಎರಡು ದಿನದ ಕೆಲಸ. ಪ್ರಯಾಣ ಅಲ್ಲಿಗೆ ಮುಗಿಯುತ್ತಿತ್ತು.

ಕೈ ಹಾಕುವ ಮೊದಲು, ಸಂಘದ ಯುಗಾದಿ ಕೂಟದಲ್ಲಿ ಪರಿಚಯವಾಗಿದ್ದ ಧಾರವಾಡದ ಹಿರಿಯರೊಬ್ಬರಿಗೆ ಫೋನ್ ಮಾಡಿದೆವು. ಅವರದೂ ಇದೇ ಕಸುಬು. ಎಲ್ಲವನ್ನೂ ಸಾವಧಾನವಾಗಿ ಕೇಳಿ, “ಅದರ ಜೋಡಿ ಬಂದ ಟಿಪ್ಪಣಿ ಓದೀರೇನ್ರೀ?” ಎಂದರು.

“ಇಲ್ಲ ರಾಯರೇ.”

“ಮೊದ್ಲ ಅದನ್ನ ಓದ್ರಿ. ಕೀಳೂದು ಆಮ್ಯಾಲೆ.”

ಓದಿದೆವು. ತೇಪೆ ಹಾಕಿದ ಮೇಲೆ ಕೈಯಾರೆ ಮಾಡಬೇಕಾದ ಕೆಲಸವಿದೆಯೆಂದು ಅಲ್ಲೇ ಇತ್ತು. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಡಬ್ಲ್ಯುಸಸ್‌ಯುಟಿಲ್ ಎಂಬುದನ್ನು ‘ಪೋಸ್ಟ್‌ಇನ್‌ಸ್ಟಾಲ್’, ‘ಸರ್ವಿಸಿಂಗ್’ ಎಂಬೆರಡು ಮಾತು ಸೇರಿಸಿ ಓಡಿಸುವುದು, ಡಾಟ್‌ನೆಟ್ 4.5ರ ಕೆಳಗೆ ಎಚ್‌ಟಿಟಿಪಿ ಆಕ್ಟಿವೇಷನ್ ಸೇರಿಸುವುದು; ಸರ್ವಿಸನ್ನು ಮತ್ತೆ ಚಾಲೂ ಮಾಡುವುದು. ಇಷ್ಟೇ. ಅಷ್ಟು ಹೊತ್ತು ತಯಾರಕರಿಗೆ ಒಪ್ಪಿಸಿದ್ದ ಬೈಗುಳವನ್ನೆಲ್ಲ ನಾವೇ ವಾಪಸು ತೆಗೆದುಕೊಳ್ಳಬೇಕಾಯಿತು. ಅರ್ಧ ಗಂಟೆಯಲ್ಲಿ ಬಾಗಿಲು ತೆರೆಯಿತು. ಬೆಳಗ್ಗೆ ಗಣಕಗಳು ಒಂದೊಂದಾಗಿ ಹಾಜರಿ ಹಾಕಿದ್ದನ್ನು ನೋಡಿಯೇ ರೈಲು ಹತ್ತಿದೆವು.

ಈ ಏರ್ಪಾಡಿಗೆ ಇನ್ನು ಹೊಸ ಸೌಲಭ್ಯ ಸೇರಿಸುವುದಿಲ್ಲವೆಂದು 2024ರ ಸೆಪ್ಟೆಂಬರಿನಲ್ಲಿ ಸಾರಿದಾಗ, ಹಳೆಯ ಜಗಳಗಂಟ ನೆರೆಯವರು ಮನೆ ಬಿಡುತ್ತಾರೆಂದು ಕೇಳಿದ ಹಾಗಾಯಿತು.

ಕಟ್ಟು ಬಿಚ್ಚಿದ ದಿನ ತಾಯಿಯವರು ಮೊದಲು ನೋಡಿದ್ದು ನಮ್ಮ ಮುಖವನ್ನು. “ಎಷ್ಟು ಕಪ್ಪಾಗಿದ್ದೀಯೋ! ಹಾಳು ನಾಗಪುರದ ಬಿಸಿಲು” ಎಂದರು.