ಮಾದರಿ ವಿಮಾನದ ಕಡಿವಾಣ

ಬೇಸಿಗೆಯ ರಜೆ ಮುಗಿಯುವ ವೇಳೆಗೆ ಹುಡುಗನ ವಿಮಾನ ಸಿದ್ಧವಾಗಿತ್ತು. ಹಗುರವಾದ ಬಾಲ್ಸಾ ಮರದ ತೆಳು ಹಲಗೆಗಳನ್ನು ಕೊಯ್ದು, ಪಕ್ಕೆಲುಬುಗಳಂತೆ ಸಾಲಾಗಿ ನಿಲ್ಲಿಸಿ, ಅಂಟು ಒಣಗುವವರೆಗೆ ಗುಂಡುಸೂಜಿ ಚುಚ್ಚಿ ಹಿಡಿದಿಟ್ಟು, ಮೇಲೆ ತೆಳುಹಾಳೆಯನ್ನು ಬಿಗಿದು ಅವನು ಎರಡು ತಿಂಗಳನ್ನು ಅದರ ಮುಂದೆಯೇ ಕಳೆದಿದ್ದನು. ಊಟಕ್ಕೆ ಕರೆದರೆ "ಅಂಟು ಒಣಗಲಿ, ಬಂದೆ" ಎಂಬ ಉತ್ತರ ಮನೆಯವರಿಗೆಲ್ಲ ಬಾಯಿಪಾಠವಾಗಿತ್ತು. ಈಗ ರೆಕ್ಕೆ ಇತ್ತು, ಬಾಲವಿತ್ತು, ಮೂಗಿನಲ್ಲಿ ವಿದ್ಯುತ್ ಮೋಟಾರೂ ಇತ್ತು. ಇಲ್ಲದಿದ್ದುದು ಕಡಿವಾಣವೊಂದೇ.

ಆ ಕಡಿವಾಣವೆಂದರೆ ರೇಡಿಯೋ ಪ್ರೇಷಕ. ಹವ್ಯಾಸಿಗಳು ಅದನ್ನು ಬರಿದೆ 'ರೇಡಿಯೋ' ಎನ್ನುತ್ತಾರೆ. ಹಾಡಾಗಲಿ ವಾರ್ತೆಯಾಗಲಿ ಅದರಿಂದ ಕೇಳಿಬರುವುದಿಲ್ಲ. ಎರಡು ಕೈಗಳಲ್ಲಿ ಹಿಡಿಯುವ ಒಂದು ಪೆಟ್ಟಿಗೆ. ಹೆಬ್ಬೆರಳಿಗೊಂದರಂತೆ ಎರಡು ಚಿಕ್ಕ ಕೋಲುಗಳು. ಕೋಲು ಅಲುಗಿದಂತೆ ಪೆಟ್ಟಿಗೆಯಿಂದ ಹೊರಟ ಅಲೆಗಳು ವಿಮಾನದೊಳಗಿನ ಗ್ರಾಹಕವನ್ನು ಮುಟ್ಟುತ್ತವೆ. ಗ್ರಾಹಕದ ಆಜ್ಞೆಯಂತೆ ಸರ್ವೋ ಎಂಬ ಪುಟ್ಟ ಮೋಟಾರುಗಳು ರೆಕ್ಕೆ ಬಾಲಗಳ ಅಂಚುಗಳನ್ನು ತಿರುಗಿಸುತ್ತವೆ. ಗಾಳಿಯಲ್ಲಿರುವ ವಿಮಾನಕ್ಕೂ ನೆಲದಲ್ಲಿರುವ ಒಡೆಯನಿಗೂ ನಡುವೆ ಈ ಅಲೆಗಳ ಹೊರತು ಬೇರೆ ನಂಟಿಲ್ಲ. ಅದು ಕಡಿದರೆ ಎರಡು ತಿಂಗಳ ದುಡಿಮೆ ಎರಡು ನಿಮಿಷದಲ್ಲಿ ಪುಡಿಯಾಗುತ್ತದೆ.

ಬೆಂಗಳೂರಿನ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ಹುಡುಗನು ಇಂತಹ ಪೆಟ್ಟಿಗೆಗಳನ್ನು ಮೊದಲು ನೋಡಿದನು. ಒಂದಕ್ಕೆ 4 ಚಾನಲ್, ಇನ್ನೊಂದಕ್ಕೆ 6, ಮತ್ತೊಂದಕ್ಕೆ 16. ಸಹಜವಾಗಿಯೇ ಅವನ ಕಣ್ಣು ಹದಿನಾರರ ಮೇಲೆ ನೆಟ್ಟಿತು. ಚಾನಲ್ ಎಂದರೆ ಒಂದೊಂದು ಆಜ್ಞೆಗೆ ಒಂದೊಂದು ದಾರಿ. ವಿಮಾನವನ್ನು ಪಕ್ಕಕ್ಕೆ ವಾಲಿಸಲು ಏಲೆರಾನ್, ಮೂಗನ್ನು ಏರಿಸಿ ಇಳಿಸಲು ಎಲಿವೇಟರ್, ಎಡಬಲಕ್ಕೆ ತಿರುಗಿಸಲು ರಡ್ಡರ್, ಮೋಟಾರಿನ ವೇಗಕ್ಕೆ ಥ್ರಾಟಲ್: ಅವನ ವಿಮಾನಕ್ಕೆ ಬೇಕಾದುದು ಈ ನಾಲ್ಕೇ. ಚಕ್ರ ಮಡಚುವ ವಿಮಾನಕ್ಕೆ ಒಂದು ಹೆಚ್ಚು ಬೇಕಾದೀತು, ಫ್ಲಾಪ್ ಉಳ್ಳದ್ದಕ್ಕೆ ಇನ್ನೊಂದು. ಮನುಷ್ಯನಿಗಿರುವ ಹೆಬ್ಬೆರಳುಗಳು ಎರಡೇ ಎಂಬುದನ್ನು ಅಂಗಡಿಯ ಕಪಾಟು ಬಹು ಸುಲಭವಾಗಿ ಮರೆಸಿಬಿಡುತ್ತದೆ.

ಒಂದು ಕಾಲದಲ್ಲಿ ಆರಿಸುವ ಈ ಪೇಚಾಟವೇ ಇರಲಿಲ್ಲ. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಪುಟ್ಟ ದೋಣಿಯನ್ನು ರೇಡಿಯೋ ಅಲೆಗಳಿಂದ ನಡೆಸಿ ತೋರಿಸಿದನು. 1937ರಲ್ಲಿ ಅಮೆರಿಕದ ಅವಳಿ ಸಹೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ 'ಗಫ್' ಎಂಬ ಮಾದರಿ ವಿಮಾನವನ್ನು ರೇಡಿಯೋದಿಂದ ಹಾರಿಸಿದರು. ಒಬ್ಬನಿಗೆ ವಿಮಾನದ ಹುಚ್ಚು, ಮತ್ತೊಬ್ಬನಿಗೆ ರೇಡಿಯೋ ಹುಚ್ಚು. ಬೇಕಾದ ಉಪಕರಣವನ್ನು ಅವರು ತಾವೇ ಕಟ್ಟಿಕೊಂಡರು. ಆ ವಿಮಾನ ಇಂದು ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಹುಡುಗನು ಅಂಗಡಿಯಿಂದ ಬರಿಗೈಯಲ್ಲಿ ಮರಳಿದ ವಾರವೇ ಜಪಾನಿನಲ್ಲಿ ಇಂಜಿನಿಯರಾಗಿದ್ದ ಸೋದರಮಾವ ರಜೆಗೆ ಬಂದನು. ವಿಮಾನವನ್ನು ತಿರುತಿರುಗಿಸಿ ನೋಡಿ, ಪೆಟ್ಟಿಗೆಯ ತಳದಿಂದ ಬಟ್ಟೆಯಲ್ಲಿ ಸುತ್ತಿದ ತನ್ನ ಹಳೆಯ ಪ್ರೇಷಕವನ್ನು ತೆಗೆದುಕೊಟ್ಟನು.

"ಕೊಳ್ಳುವುದೇಕೋ? ಹತ್ತು ವರ್ಷ ನನ್ನ ಕೈಯಲ್ಲಿ ಪಳಗಿದೆ, ಇಟ್ಟುಕೋ."

ಅದರ ಅಂಟೆನಾ ಎಳೆದಷ್ಟೂ ಉದ್ದವಾಗುತ್ತಿತ್ತು. ಅದಕ್ಕೆ ಕಾರಣವಿದೆ. ಆ ಸೆಟ್ಟಿನ ಆವೃತ್ತಿ 72 ಮೆಗಾಹರ್ಟ್ಸ್. ಅದರ ಅಲೆಯ ಉದ್ದ ನಾಲ್ಕು ಮೀಟರಿಗೂ ತುಸು ಹೆಚ್ಚು. ಅಲೆಯ ಕಾಲುಭಾಗದಷ್ಟಾದರೂ ಅಂಟೆನಾ ಇದ್ದರೆ ಒಳ್ಳೆಯದು; ಆದ್ದರಿಂದಲೇ ಈ ಒಂದು ಮೀಟರಿನ ಕಡ್ಡಿ. ಪೆಟ್ಟಿಗೆಯ ಬೆನ್ನಿನಲ್ಲಿ ಸ್ಫಟಿಕದ ಒಂದು ಚಿಕ್ಕ ಬಿಲ್ಲೆಯಿತ್ತು. ಯಾವ ಆವೃತ್ತಿಯಲ್ಲಿ ಮಾತಾಡಬೇಕೆಂಬುದನ್ನು ನಿಶ್ಚಯಿಸುವುದು ಅದೇ. ಒಂದೇ ಬಯಲಿನಲ್ಲಿ ಇಬ್ಬರ ಸ್ಫಟಿಕಗಳು ಒಂದೇ ಆಗಿದ್ದರೆ ಅನಾಹುತ. ಒಬ್ಬನ ವಿಮಾನ ಹಾರುತ್ತಿರುವಾಗ ಇನ್ನೊಬ್ಬನು ತನ್ನ ಗುಂಡಿ ಒತ್ತಿದರೆ ಮೇಲಿನ ವಿಮಾನಕ್ಕೆ ಇಬ್ಬರು ಒಡೆಯರಾಗುತ್ತಾರೆ; ಅದು ಇಬ್ಬರ ಮಾತನ್ನೂ ಕೇಳದೆ ನೆಲಕ್ಕೆ ಬೀಳುತ್ತದೆ. ಇದನ್ನು ತಪ್ಪಿಸಲು ಹವ್ಯಾಸಿಗಳು ಒಂದು ಹಲಗೆಯ ಮೇಲೆ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪುಗಳನ್ನು ಇಡುತ್ತಿದ್ದರು. ಆವೃತ್ತಿಗೊಂದು ಕ್ಲಿಪ್ಪು, ಅದು ಯಾರ ಬಳಿಯಿದೆಯೋ ಅವರು ಮಾತ್ರ ಪ್ರೇಷಕವನ್ನು ಹಚ್ಚಬಹುದು. ಕೋಟಿಗಟ್ಟಲೆ ಸಲ ಕಂಪಿಸುವ ಅಲೆಗಳಿಗೆ ಕಾವಲು, ಅಗಸನ ಹಗ್ಗದ ಒಂದು ಕ್ಲಿಪ್ಪು!

2005ರ ಸುಮಾರಿಗೆ 2.4 ಗಿಗಾಹರ್ಟ್ಸ್‌ನ ಸೆಟ್ಟುಗಳು ಬಂದು ಈ ಭಯವನ್ನು ಬಹಳಮಟ್ಟಿಗೆ ನೀಗಿದವು. ಇಲ್ಲಿ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರು. ಅಂಟೆನಾ ಬೆರಳಿಗಿಂತ ಉದ್ದವಿರಬೇಕಾಗಿಲ್ಲ. ಗ್ರಾಹಕ ತನ್ನ ಪ್ರೇಷಕವನ್ನು ಮಾತ್ರ ಗುರುತಿಟ್ಟುಕೊಳ್ಳುತ್ತದೆ. ಹಲವು ಸೆಟ್ಟುಗಳಲ್ಲಿ ಎರಡೂ ಒಂದೇ ಆವೃತ್ತಿಯಲ್ಲಿ ನಿಲ್ಲದೆ ಒಪ್ಪಂದದಂತೆ ಕ್ಷಣಕ್ಷಣಕ್ಕೂ ನೆಗೆಯುತ್ತಿರುತ್ತವೆ. ನೆಗೆತದ ಈ ಉಪಾಯಕ್ಕೆ ಒಂದು ಸ್ವಾರಸ್ಯದ ಹಿನ್ನೆಲೆಯಿದೆ. ಹೆಡಿ ಲಮಾರ್ ಎಂಬ ಚಿತ್ರನಟಿಯೂ ಜಾರ್ಜ್ ಆಂಥೈಲ್ ಎಂಬ ಸಂಗೀತ ರಚನೆಕಾರನೂ ಸೇರಿ, ಶತ್ರುವಿಗೆ ಸಿಕ್ಕದಂತೆ ಟಾರ್ಪೆಡೋ ನಡೆಸುವ ಇಂತಹ ವಿಧಾನಕ್ಕೆ 1942ರಲ್ಲಿ ಪೇಟೆಂಟು ಪಡೆದಿದ್ದರು. ಪಿಯಾನೋದ ಮನೆಗಳಂತೆ ಅವರ ಆವೃತ್ತಿಗಳೂ 88.

ಆದರೆ ಮಾವನ ಪೆಟ್ಟಿಗೆಯನ್ನು ಹುಡುಗನು ಹಳತೆಂದು ಬದಿಗಿಡಲಿಲ್ಲ. ಅದು ಮಾವನದು, ಕೋಲುಗಳ ತುದಿ ಮಾವನ ಬೆರಳಿಗೆ ಸವೆದಿತ್ತು. ರಾತ್ರಿಯೆಲ್ಲ ಮಾವ ಪಕ್ಕದಲ್ಲಿ ಕುಳಿತು, ಇಲ್ಲದ ವಿಮಾನವನ್ನು ಇದೆಯೆಂದು ಭಾವಿಸಿ, "ಎತ್ತು, ವಾಲಿಸು, ಇಳಿಸು" ಎನ್ನುವನು. ಹುಡುಗನ ಹೆಬ್ಬೆರಳುಗಳು ಅಂತೆಯೇ ಓಡುವವು. ವಾರದಲ್ಲಿ ಅವು ಕೇಳುವ ಮೊದಲೇ ಓಡತೊಡಗಿದವು.

ಭಾನುವಾರ ಇಬ್ಬರೂ ತುಮಕೂರಿನ ಆಚೆ, ಒಣಗಿದ ಕೆರೆಯಂಗಳಕ್ಕೆ ಹೋದರು. ಅಲ್ಲಿ ವಾರವಾರವೂ ವಿಮಾನ ಹಾರಿಸುವ ಹಿರಿಯರೊಬ್ಬರಿದ್ದರು. ಅವರು ಹುಡುಗನ ವಿಮಾನವನ್ನು ನೋಡಿ ತಲೆದೂಗಿ, ಚಾನಲ್ ಎಷ್ಟೆಂದೂ ಕೇಳದೆ, ಬೆಲೆಯನ್ನೂ ಕೇಳದೆ, ತಮ್ಮ ಪ್ರೇಷಕವನ್ನು ಆರಿಸಿ ಅವನ ಕೈಗಿತ್ತರು.

"ವಿಮಾನ ಮೂಗು ತಗ್ಗಿಸಿ ನೆಲಕ್ಕೆ ಬರುತ್ತಿದೆ. ಏನು ಮಾಡುತ್ತೀಯೆ, ಮಗು?"

ಹುಡುಗನು ಎಡಗೋಲನ್ನು ಥಟ್ಟನೆ ತನ್ನೆಡೆಗೆ ಎಳೆದನು.

"ಈಗ ನೀನು ಮೋಟಾರನ್ನು ನಿಲ್ಲಿಸಿದೆ. ವಿಮಾನ ಹೋಯಿತು."

ಹುಡುಗನು ಮಾವನ ಮುಖ ನೋಡಿದನು. ಮಾವನಿಗೆ ಅರ್ಥವಾಗಿತ್ತು. ನಾಲ್ಕು ಆಜ್ಞೆಗಳನ್ನು ಎರಡು ಕೋಲುಗಳಿಗೆ ಹಂಚುವ ಕ್ರಮಕ್ಕೆ 'ಮೋಡ್' ಎನ್ನುತ್ತಾರೆ. ಜಪಾನಿನಲ್ಲಿ ಮೋಡ್ 1 ರೂಢಿ: ಎಲಿವೇಟರ್ ಎಡಗೈಗೆ, ಥ್ರಾಟಲ್ ಬಲಗೈಗೆ. ಹಿರಿಯರದು ಮೋಡ್ 2. ಅದರಲ್ಲಿ ಇವೆರಡೂ ಅದಲುಬದಲು. ಒಂದು ಮೇಲು, ಇನ್ನೊಂದು ಕೀಳು ಎಂಬುದಿಲ್ಲ, ಎರಡರಲ್ಲಿಯೂ ಪಳಗಿದವರಿದ್ದಾರೆ. ತೊಡಕಿರುವುದು ಬೇರೆ ಕಡೆ. ಅಪಾಯದ ಗಳಿಗೆಯಲ್ಲಿ ಬುದ್ಧಿ ಲೆಕ್ಕ ಹಾಕುವ ಮೊದಲೇ ಬೆರಳು ಕೆಲಸ ಮುಗಿಸಿರುತ್ತದೆ. ಕಲಿಯುವವನ ವಿಮಾನ ಬೀಳತೊಡಗಿದಾಗ ಪಕ್ಕದಲ್ಲಿ ನಿಂತವನು ಪೆಟ್ಟಿಗೆಯನ್ನು ಕಸಿದುಕೊಂಡು ಉಳಿಸಬೇಕಾದರೆ, ಆ ಪೆಟ್ಟಿಗೆ ಅವನ ಬೆರಳಿಗೂ ಪರಿಚಿತವಾಗಿರಬೇಕು.

"ನೀವು ಎಂದು ಹಿಂದಿರುಗುತ್ತೀರಿ?" ಎಂದು ಹಿರಿಯರು ಮಾವನನ್ನು ಕೇಳಿದರು.

"ತಿಂಗಳ ಕೊನೆಗೆ" ಎಂದನು ಮಾವ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವರದು ಯಾವುದೋ ಅದನ್ನೇ ಕೊಳ್ಳೋಣ, ನಡೆ" ಎಂದು ಹುಡುಗನ ಹೆಗಲು ತಟ್ಟಿದನು.

ಕೊಂಡದ್ದು 6 ಚಾನಲ್‌ನ ಸಾಧಾರಣ ಸೆಟ್ಟು. ಹಿರಿಯರದೇ ತಯಾರಿಕೆ, ಅವರದೇ ಮೋಡ್. ಸಂಪರ್ಕ ತಪ್ಪಿದರೆ ಮೋಟಾರು ತಾನಾಗಿ ನಿಲ್ಲುವ ಏರ್ಪಾಡು ಅದರಲ್ಲಿತ್ತು. ಶಕ್ತಿಯನ್ನು ತಗ್ಗಿಸಿಟ್ಟು 30 ಹೆಜ್ಜೆ ದೂರದಿಂದ ಪರೀಕ್ಷಿಸುವುದನ್ನೂ, ಕೋಲನ್ನು ಬಲಕ್ಕೆ ಒತ್ತಿದರೆ ಬಲರೆಕ್ಕೆಯ ಏಲೆರಾನ್ ಮೇಲಕ್ಕೇಳುವುದೋ ಎಂದು ಪ್ರತಿಸಲವೂ ನೋಡುವುದನ್ನೂ ಹಿರಿಯರು ಕಲಿಸಿದರು. ಮಾವನ ಪೆಟ್ಟಿಗೆ ಮತ್ತೆ ಬಟ್ಟೆಯೊಳಗೆ ಸೇರಿತು. ಹುಡುಗನ ಎಡ ಹೆಬ್ಬೆರಳು ಹಳೆಯದನ್ನು ಮರೆಯಲು, ಕಲಿಯುವುದಕ್ಕೆ ಹಿಡಿದ ವಾರಕ್ಕಿಂತ ಹೆಚ್ಚು ದಿನ ಹಿಡಿಯಿತು.

ಮಾವ ಹೊರಡುವ ಮುನ್ನಾದಿನ ವಿಮಾನ ಮೊದಲ ಬಾರಿ ಮೇಲೇರಿತು. ಎರಡು ಪ್ರೇಷಕಗಳನ್ನು ಒಂದು ತಂತಿ ಜೋಡಿಸಿತ್ತು. ಹಿರಿಯರು ತಮ್ಮ ಪೆಟ್ಟಿಗೆಯ ಗುಂಡಿಯನ್ನು ಒತ್ತಿಹಿಡಿದಷ್ಟು ಹೊತ್ತು ಆಜ್ಞೆ ಹುಡುಗನದು. ಬೆರಳು ತೆಗೆದರೆ ಅವರದು. ಮೊದಲ ಸುತ್ತಿನಲ್ಲಿ ಅವರು ಮೂರು ಸಲ ಬೆರಳು ತೆಗೆದರು, ಎರಡನೆಯದರಲ್ಲಿ ಒಂದು ಸಲ. ಮೂರನೆಯ ಸುತ್ತಿನಲ್ಲಿ ವಿಮಾನ ಕೆರೆಯ ಏರಿಯ ಮೇಲೆ ನುಣ್ಣಗೆ ತಿರುಗಿತು.

"ಚೆನ್ನಾಗಿ ತಿರುಗಿಸಿದಿರಿ, ಸರ್" ಎಂದನು ಹುಡುಗ, ಆಕಾಶದಿಂದ ಕಣ್ಣು ಕೀಳದೆ.

ಮಾವ ಹಿರಿಯರ ಕೈಯತ್ತ ನೋಡಿದನು. ಬೆರಳು ಗುಂಡಿಯ ಮೇಲೆ ಒತ್ತಿಕೊಂಡೇ ಇತ್ತು.