ಕುದುರೆ ನಡೆದ ದಾರಿಯಲ್ಲಿ ಸೈಕಲ್ ಸವಾರಿ

ಫ್ರಾನ್ಸಿನ ನಕಾಶೆಯಲ್ಲಿ ಎಡಗಡೆಗೆ, ಅಟ್ಲಾಂಟಿಕ್ ಸಾಗರದೊಳಕ್ಕೆ ಮೂಗು ಚಾಚಿದಂತೆ ಕಾಣುವ ಸೀಮೆಯ ಹೆಸರು ಬ್ರಿಟನಿ. ಆ ಮೂಗಿನ ತುದಿಯಲ್ಲಿ ಬ್ರೆಸ್ಟ್ ಎಂಬ ನೌಕಾನೆಲೆ, ಬುಡದಲ್ಲಿ ಲುವಾರ್ ನದಿಯ ದಂಡೆಯ ನಾಂತ್ ನಗರ. ಎರಡನ್ನೂ ಕೂಡಿಸಲು ತೋಡಿದ ಸುಮಾರು 360 ಕಿಲೋಮೀಟರ್ ಉದ್ದದ ಕಾಲುವೆಯೊಂದಿದೆ. ಕಾಲುವೆಗೆ ಅಂಟಿಕೊಂಡೇ ಒಂದು ಗರಸಿನ ದಾರಿ. ಅದರ ಮೇಲೆ ಕಾರಿಲ್ಲ, ಬಸ್ಸಿಲ್ಲ, ಮೋಟಾರ್ ಬೈಕಿಲ್ಲ. ನಡೆಯುವವರು, ಸೈಕಲ್ಲಿನವರು, ಗಾಳ ಹಾಕಿ ತಪಸ್ಸಿಗೆ ಕೂತವರು, ಅಷ್ಟೆ. ಜೂನ್ ತಿಂಗಳಲ್ಲಿ ಮಗನ ಮನೆಗೆ ಹೋಗಿದ್ದಾಗ, ನಾನೂ ನನ್ನ ಒಂಬತ್ತು ವರ್ಷದ ಮೊಮ್ಮಗಳೂ ಆ ದಾರಿಯ ಒಂದು ತುಣುಕನ್ನು, ಜೋಸ್ಲ್ಯಾಂ ಊರಿನಿಂದ ಮಲೆತ್ರ್ವಾ ಊರಿನವರೆಗೆ ಸುಮಾರು 25 ಕಿಲೋಮೀಟರ್, ಒಂದೇ ದಿನದಲ್ಲಿ ಸೈಕಲ್ ತುಳಿದು ಮುಗಿಸಿದೆವು.

ಮಂಡ್ಯ ಸೀಮೆಯವಳಾದ ನನಗೆ ನಾಲೆ ಅಂದರೆ ಗದ್ದೆಗೆ ನೀರು ಹರಿಸುವುದು. ಇದು ಬೇರೆ ಜಾತಿಯ ನಾಲೆ. ಇದನ್ನು ತೋಡಿದ್ದು ದೋಣಿಗಳಿಗಾಗಿ, ಅದೂ ಯುದ್ಧದ ಭಯದಲ್ಲಿ. ನೆಪೋಲಿಯನ್ನನ ಕಾಲದಲ್ಲಿ ಇಂಗ್ಲಿಷರ ಹಡಗುಗಳು ಬ್ರೆಸ್ಟ್ ಬಂದರಿನ ಬಾಯಿಗೆ ಅಡ್ಡ ನಿಂತು ಸಮುದ್ರದ ದಾರಿ ಮುಚ್ಚಿಬಿಡುತ್ತಿದ್ದವು. ಅಲ್ಲಿನ ನೌಕಾಪಡೆಗೆ ಸಾಮಾನು ಹೋಗುವುದು ಹೇಗೆ? ಒಳನಾಡಿನಲ್ಲೇ ನದಿಯಿಂದ ನದಿಗೆ ಕಾಲುವೆ ತೋಡಿ, ದೋಣಿಗಳನ್ನು ಗುಟ್ಟಾಗಿ ಹಿತ್ತಿಲ ಬಾಗಿಲಿಂದ ಕಳಿಸೋಣ ಎಂಬ ಲೆಕ್ಕಾಚಾರ. ಕೆಲಸ ಶುರುವಾಯಿತು. ನೆಪೋಲಿಯನ್ 1815ರಲ್ಲಿ ಸೋತ, 1821ರಲ್ಲಿ ಸತ್ತ. ಕಾಲುವೆ ಪೂರ್ತಿಯಾಗಿ ತೆರೆದುಕೊಂಡದ್ದು 1842ರಲ್ಲಿ. ಮದುವೆ ಮುಗಿದು ಚಪ್ಪರ ಬಿಚ್ಚಿದ ಮೇಲೆ ವಾಲಗದವರು ಬಂದ ಹಾಗೆ!

ತಡವಾದದ್ದಕ್ಕೆ ಕಾರಣವೂ ಇತ್ತು. ಗ್ಲೋಮೆಲ್ ಎಂಬಲ್ಲಿ ದಿಣ್ಣೆಯೊಂದನ್ನು ಸುಮಾರು ಮೂರು ಕಿಲೋಮೀಟರ್ ಉದ್ದಕ್ಕೆ, ಇಪ್ಪತ್ತು ಮೀಟರಿಗೂ ಹೆಚ್ಚು ಆಳಕ್ಕೆ ಸೀಳಬೇಕಾಯಿತು. ಯಂತ್ರಗಳಿಲ್ಲದ ಕಾಲ. ಬ್ರೆಸ್ಟಿನ ಸೆರೆಮನೆಯಿಂದ ನೂರಾರು ಕೈದಿಗಳನ್ನು ತಂದು 1823ರಿಂದ 1832ರವರೆಗೆ ಗುದ್ದಲಿ, ಸನಿಕೆಗಳಲ್ಲೇ ಅಗೆಸಿದರು. ಅಗೆಯುತ್ತಲೇ ಸತ್ತವರೂ ಇದ್ದರು. ಮೊಮ್ಮಗಳಿಗೆ ಇದನ್ನು ಹೇಳಬೇಕೋ ಬೇಡವೋ ಎಂದು ಯೋಚಿಸಿ, ಹೇಳಿದೆ. ತಂಪಾದ ದಾರಿಯಲ್ಲಿ ಹೋಗುವವರಿಗೆ ಅದನ್ನು ಯಾರು ಅಗೆದರು ಎಂಬುದೂ ತಿಳಿದಿರಲಿ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರೆಲ್ಲ ಏನು ತಪ್ಪು ಮಾಡಿದ್ದರಂತೆ?” ಎಂದು ಕೇಳಿದಳು. ಬಡತನಕ್ಕೆ ಕದ್ದವರೂ ಜೈಲಿಗೆ ಹೋಗುತ್ತಿದ್ದ ಕಾಲ ಅದು ಎಂದೆ.

ಇನ್ನು ದಾರಿಯ ಕಥೆ. ಆಗಿನ ದೋಣಿಗಳಿಗೆ ಎಂಜಿನ್ ಇರಲಿಲ್ಲ. ದಂಡೆಯ ಮೇಲೆ ಕುದುರೆ ಹಗ್ಗ ಕಟ್ಟಿಕೊಂಡು ನಡೆದರೆ ಹಿಂದೆ ನೀರಿನಲ್ಲಿ ದೋಣಿ ಬರುತ್ತಿತ್ತು. ಕುದುರೆ ಸಾಕಲು ಗತಿಯಿಲ್ಲದ ದೋಣಿಯವರು ಹೆಗಲಿಗೆ ತೊಗಲಿನ ಪಟ್ಟಿ ಹಾಕಿಕೊಂಡು ತಾವೇ ಎಳೆಯುತ್ತಿದ್ದರು, ಹೆಂಡತಿ ಮಕ್ಕಳೂ ಕೈಗೂಡಿಸುತ್ತಿದ್ದರು. ಎಳೆಯುವ ದಾರಿ ಎಂದೇ ಫ್ರೆಂಚಿನಲ್ಲಿ ಅದರ ಹೆಸರು. ಭಾರ ಎಳೆಯುವ ಕುದುರೆಗೆ ಏರು ಇರಬಾರದಲ್ಲ, ಆದ್ದರಿಂದ ದಾರಿ ನೀರಿನಷ್ಟೇ ಸಮತಟ್ಟು. ಅಂದು ಕುದುರೆಗೆ ಮಾಡಿದ ಅನುಕೂಲ ಇಂದು ಅರವತ್ತಾರು ವರ್ಷದ ನನ್ನ ಮಂಡಿಗೆ ಒದಗಿತು.

ಜೋಸ್ಲ್ಯಾಂ ಊರನ್ನು ಬಿಡುವಾಗಲೇ ಕಾಲು ನಿಲ್ಲುತ್ತದೆ. ಊಸ್ತ್ ನದಿಯ ನೀರಿಗೆ ನೆರಳು ಚೆಲ್ಲುತ್ತ, ಬಂಡೆಯ ಮೇಲಿಂದ ನೇರ ಎದ್ದ ಮೂರು ದುಂಡು ಗೋಪುರಗಳ ಕೋಟೆ. ರೊಹಾನ್ ಮನೆತನದವರು ಇಂದಿಗೂ ಅದರಲ್ಲಿ ವಾಸವಾಗಿದ್ದಾರೆ. ಇಲ್ಲಿಂದ ಮುಂದೆ ಕಾಲುವೆ ಎಂದರೆ ಬಹುಪಾಲು ಈ ನದಿಯೇ. ಅದನ್ನೇ ಪಳಗಿಸಿ ದೋಣಿಗೆ ತಕ್ಕಂತೆ ಮಾಡಿಕೊಂಡಿದ್ದಾರೆ.

ಗರಸು ಎಂದರೆ ನಮ್ಮೂರ ರಸ್ತೆಗೆ ಡಾಂಬರಿಗೆ ಮೊದಲು ಸುರಿಯುವ ಜಲ್ಲಿಯಂತಲ್ಲ. ಮರಳು, ಸಣ್ಣ ಕಲ್ಲಿನ ಚೂರುಗಳನ್ನು ಬೆರೆಸಿ, ಅದುಮಿ ಗಟ್ಟಿ ಮಾಡಿದ ಮೈ. ಚಕ್ರದಡಿ ಹುರಿಗಡಲೆ ಅಗಿದಂತೆ ಸಣ್ಣ ಸದ್ದು. ತೀರ ತೆಳ್ಳಗಿನ ರೇಸ್ ಸೈಕಲ್ ಟೈರ್ ಮಾತ್ರ ಇಲ್ಲಿ ಒಗ್ಗದು. ಎರಡು ಬೆರಳು ಅಗಲದ ಟೈರಿದ್ದರೆ ಸಾಕು, ಅದರಲ್ಲೂ ಗಾಳಿ ಸ್ವಲ್ಪ ಕಡಿಮೆ ಇದ್ದರೆ ಕೈ ನಡುಗುವುದಿಲ್ಲ. ಮಳೆ ಬಂದರೆ ಬೆನ್ನ ಮೇಲೆಲ್ಲ ಕೆಸರಿನ ರಂಗೋಲಿ. ಬ್ರಿಟನಿಯಲ್ಲಿ ಮಳೆಗೇನೂ ಬರವಿಲ್ಲ.

ಊರಲ್ಲಿ ಈ ಹುಡುಗಿ ಸೈಕಲ್ ಹೊಡೆಯುವುದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಕಂಬ ಸುತ್ತಿ ಕಂಬ ಸುತ್ತಿ. ಗೇಟು ದಾಟಿದರೆ ನನ್ನ ಕೈ ಅವಳ ಹ್ಯಾಂಡಲ್ ಮೇಲೆ. ಇಲ್ಲಿ ಮೊದಲ ಒಂದು ಕಿಲೋಮೀಟರ್ ಇಬ್ಬರೂ ಅಕ್ಕಪಕ್ಕದಲ್ಲೇ ಹೋದೆವು. ಆಮೇಲೆ, “ಅಜ್ಜಿ, ನಾನು ಮುಂದೆ ಹೋಗಲಾ?” ಎಂದಳು. ಒಂದು ಕಡೆ ನೀರು, ತಡೆಬೇಲಿ ಇಲ್ಲ. ಅವಳಿಗೆ ಈಜು ಬರುತ್ತದೆ, ಆದರೂ ಅಜ್ಜಿಯ ಎದೆ ಬಿಡಬೇಕಲ್ಲ! ಕರಾರು ಮಾಡಿಕೊಂಡೆವು: ನೀರಿನ ಕಡೆಗಲ್ಲ, ಹೊಲದ ಕಡೆಗೆ ಇರಬೇಕು, ಮುಂದಿನ ಲಾಕ್ ಸಿಕ್ಕಿದಲ್ಲಿ ಇಳಿದು ಕಾಯಬೇಕು. ಅವಳು ಹೊರಟಳು. ನದಿಯ ತಿರುವಿನಲ್ಲಿ ಅವಳ ಹಳದಿ ಅಂಗಿ ಮರದ ಮರೆಗೆ ಹೋಯಿತು. ನಾನು ಕೂಗಲಿಲ್ಲ. ನೀರಕೋಳಿಗಳು ಕೂಗುತ್ತಿದ್ದವು, ದೂರದಲ್ಲೆಲ್ಲೋ ಟ್ರ್ಯಾಕ್ಟರ್ ಸದ್ದು. ಮಗುವೊಂದು ಕಣ್ಣಿಗೆ ಕಾಣದಿದ್ದರೂ ನಿಧಾನವಾಗಿ ಪೆಡಲ್ ತುಳಿಯಬಹುದು ಎಂಬುದು ನನಗೆ ಅಭ್ಯಾಸ ತಪ್ಪಿಹೋಗಿತ್ತು. ನಾವು ಚಿಕ್ಕವರಿದ್ದಾಗ ನಾಲೆ ಏರಿಯ ಮೇಲೆ ಶಾಲೆಗೆ ಹೋಗುವಾಗ ನಮ್ಮನ್ನು ಯಾರು ಕಣ್ಣಿಟ್ಟು ಕಾದಿದ್ದರು?

ಲಾಕ್ ಎಂದರೆ ಬೀಗವಲ್ಲ, ನೀರಿನ ಮೆಟ್ಟಿಲು. ಎರಡು ಕಡೆ ದೊಡ್ಡ ಬಾಗಿಲುಗಳಿರುವ ಕಲ್ಲಿನ ತೊಟ್ಟಿ ಎಂದುಕೊಳ್ಳಿ. ಮೇಲಿನಿಂದ ಬಂದ ದೋಣಿ ತೊಟ್ಟಿಯೊಳಗೆ ಬಂದ ಕೂಡಲೆ ಹಿಂದಿನ ಬಾಗಿಲು ಮುಚ್ಚುತ್ತಾರೆ. ಮುಂದಿನ ಬಾಗಿಲಿನ ತೂಬು ಎತ್ತಿದರೆ ತೊಟ್ಟಿಯ ನೀರು ಕೆಳಗೆ ಹರಿದು, ದೋಣಿಯೂ ಜೊತೆಗೆ ಇಳಿಯುತ್ತದೆ. ಒಳಗೂ ಹೊರಗೂ ನೀರಿನ ಮಟ್ಟ ಒಂದಾದಾಗ ಬಾಗಿಲು ತೆರೆಯುತ್ತದೆ. ಹತ್ತುವಾಗ ಇದೇ ಆಟ ತಿರುಗುಮುರುಗು. ಎಂಜಿನ್ ಬೇಡ, ಪಂಪು ಬೇಡ. ಇಡೀ ಕಾಲುವೆಗೆ ಇಂಥ 230ಕ್ಕೂ ಹೆಚ್ಚು ಲಾಕ್‌ಗಳನ್ನು ಕಟ್ಟಿದ್ದರು. ಪೊಂತಿವಿ ಮತ್ತು ರೊಹಾನ್ ಊರುಗಳ ನಡುವೆಯೇ ಐವತ್ತಕ್ಕೂ ಹೆಚ್ಚು! ಆ ಎತ್ತರಕ್ಕೆ ನೀರು ಒದಗಿಸಲು ತೋಡಿದ ಇಲ್ವೆರ್ನ್ ಎಂಬ ಕಿರುಗಾಲುವೆ, ಸುಮಾರು 20 ಕಿಲೋಮೀಟರ್ ದೂರವನ್ನು 60 ಕಿಲೋಮೀಟರಿಗೂ ಹೆಚ್ಚು ಸುತ್ತಿಕೊಂಡು ಬರುತ್ತದೆ. ನೀರು ಓಡಬಾರದು, ನಡೆದು ಬರಬೇಕು ಎಂದು.

ಮೂರನೆಯ ಲಾಕಿನಲ್ಲಿ ನಾನು ತಲುಪುವಷ್ಟರಲ್ಲಿ ಮೊಮ್ಮಗಳು ಕೆಲಸಕ್ಕೆ ಸೇರಿಕೊಂಡಿದ್ದಳು. ಬೇಸಿಗೆಗೆಂದು ಬಂದ ಕಾಲೇಜು ಹುಡುಗಿಯೊಬ್ಬಳು ಅಲ್ಲಿ ಕಾವಲುಗಾತಿ. ಇವಳನ್ನೂ ಕರೆದು, ಇಬ್ಬರೂ ಕಬ್ಬಿಣದ ಹಿಡಿಕೆ ತಿರುಗಿಸುತ್ತಿದ್ದರು. ಒಬ್ಬಳಿಗೆ ಕನ್ನಡ ಬಾರದು, ಇನ್ನೊಬ್ಬಳಿಗೆ ಫ್ರೆಂಚ್ ಬಾರದು, ಬಾಗಿಲು ಮಾತ್ರ ಸರಿಯಾಗಿ ತೆರೆಯಿತು. ಪ್ರತಿ ಲಾಕಿಗೂ ಕಾವಲಿನವರ ಪುಟ್ಟ ಕಲ್ಲುಮನೆ. ಮೊಂತೆರ್ತ್ಲೋ ಎಂಬಲ್ಲಂತೂ ಲಾಕ್, ಮನೆ, ಹೂ, ನೀರು ಎಲ್ಲ ಸೇರಿ ಕ್ಯಾಲೆಂಡರ್ ಚಿತ್ರವೇ.

ಹೊಟ್ಟೆಗೆ ಸಿಕ್ಕಿದ್ದು ದೋಸೆ. ಹೌದು, ದೋಸೆಯೇ ಅನ್ನಿ! ಬಕ್‌ವೀಟ್ ಎಂಬ ಕಾಳನ್ನು ಅಲ್ಲಿ ಕಪ್ಪು ಗೋಧಿ ಎನ್ನುತ್ತಾರೆ, ಅದು ಗೋಧಿಯ ಬಳಗವಲ್ಲ. ಅದರ ಹಿಟ್ಟಿಗೆ ನೀರು, ಉಪ್ಪು ಕಲಸಿ, ಎರಕದ ಕಬ್ಬಿಣದ ಅಗಲ ಕಾವಲಿಯ ಮೇಲೆ ಹುಯ್ದು, ಪುಟ್ಟ ಮರದ ಕೋಲಿನಿಂದ ಹರಡುತ್ತಾರೆ. ಹೆಸರು ಗ್ಯಾಲೆಟ್, ಕಾವಲಿಗೆ ಅಲ್ಲಿನ ಬ್ರೆಟನ್ ಭಾಷೆಯಲ್ಲಿ ಬಿಲಿಗ್. ಒಳಗೆ ಚೀಸ್ ಇಟ್ಟು ನಾಲ್ಕೂ ಅಂಚು ಮಡಚಿ ಕೊಟ್ಟರು. ಚಟ್ನಿ ಇದ್ದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

ಇಷ್ಟು ಚಂದದ ಕಾಲುವೆ ಖಾಲಿಯಾದದ್ದು ಹೇಗೆ? 1865ರಲ್ಲಿ ರೈಲು ಬ್ರೆಸ್ಟ್ ಮುಟ್ಟಿತು. ಕುದುರೆ ದಿನಗಟ್ಟಲೆ ಎಳೆಯುತ್ತಿದ್ದ ಸರಕನ್ನು ಅದು ಗಂಟೆಗಳಲ್ಲಿ ಒಯ್ದಿತು. ಆಮೇಲೆ, 1930ರಲ್ಲಿ ಮುಗಿದ ಗೆರ್ಲೆದಾಂ ಅಣೆಕಟ್ಟು ಕಾಲುವೆಯನ್ನು ನಡುವೆ ತುಂಡರಿಸಿತು. ಹದಿನೇಳು ಲಾಕ್‌ಗಳು ನೀರಿನಡಿ ಹೋದವು. 2015ರಲ್ಲಿ ದುರಸ್ತಿಗೆಂದು ಜಲಾಶಯ ಬರಿದು ಮಾಡಿದಾಗ ಹಳೆಯ ಕಾಲುವೆ, ಕಾವಲಿನವರ ಮನೆಗಳ ಗೋಡೆಗಳು ಕೆಸರಿನಿಂದ ಎದ್ದು ಕಂಡವು, ನೋಡಲು ಜನಜಾತ್ರೆ ಸೇರಿತು. ಇನ್ನೊಂದು ತಮಾಷೆ: ಕಾಲುವೆಯ ಅನ್ನ ಕಸಿದ ರೈಲಿನ ಸಣ್ಣಪುಟ್ಟ ಮಾರ್ಗಗಳು ಲಾರಿ, ಕಾರುಗಳ ಕಾಲದಲ್ಲಿ ತಾವೂ ಮುಚ್ಚಿದವು. ಬ್ರಿಟನಿಯ ಮೊರ್ಲೆ ಮತ್ತು ಕಾರೆ ಊರುಗಳ ನಡುವೆ ಹಳಿ ಕಿತ್ತ ಜಾಗದಲ್ಲೂ ಈಗ ಸೈಕಲ್ಲಿನ ಹಸಿರು ದಾರಿ.

ಮಲೆತ್ರ್ವಾ ತಲುಪಿದಾಗ ಸಂಜೆ ಐದಾಗಿತ್ತು. ಬೇಸಿಗೆಯಾದ್ದರಿಂದ ಇನ್ನೂ ಮಟಮಟ ಬಿಸಿಲು. ಅಲ್ಲಿನ ಚೌಕದಲ್ಲಿ ಮರದ ತೊಲೆಗಳ ಹಳೆಯ ಮನೆಗಳಿವೆ, ಅದರ ಮೇಲೆ ಕೆತ್ತನೆಗಳು: ಹೆಣ್ಣು ಹಂದಿಯೊಂದು ಕೂತು ನೂಲು ತೆಗೆಯುತ್ತಿದೆ, ಮೊಲವೊಂದು ಊದುವ ವಾದ್ಯ ಹಿಡಿದಿದೆ. ಸೈಕಲ್ ಸ್ಟ್ಯಾಂಡ್ ಹಾಕುವುದನ್ನೂ ಮರೆತು ಮೊಮ್ಮಗಳು ಕತ್ತೆತ್ತಿ ನಿಂತಳು. ಮುಂದಿನ ಊರು ರೆದೋಂ, ಇನ್ನೂ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ಎಂದು ಅವರಪ್ಪ ಕಾರಿಗೆ ಸೈಕಲ್ ಕಟ್ಟುತ್ತ ಹೇಳಿದ. “ನಾಳೆ ಹೋಗೋಣ ಅಜ್ಜಿ. ನಾನೇ ಮುಂದೆ ಹೋಗಿ ಲಾಕಿನ ಹತ್ತಿರ ಕಾಯ್ತೀನಿ” ಎಂದಳು. ಮಂಡಿಗೆ ಎಣ್ಣೆ ಹಚ್ಚಿ ನೋಡೋಣ ಎಂದೆ.